ಮ್ಯಾನೇಜರ್ ಬೈದದ್ದು ನನಗೆ, ನಾನು ಬೈದದ್ದು ಅಕ್ಕನಿಗೆ

ಪ್ರಶ್ನೆ: ನನಗೆ 28 ವರ್ಷ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಳೆದ ಜೂನ್‌ನಿಂದ, ಕೆಟ್ಟ ಬೀಜ ಆರಿಸಿ ತೆಗೆಯುವ ಗಾರ್ಬ್ಲಿಂಗ್ ಸೆಕ್ಷನ್‌ಗೆ ಸೂಪರ್‌ವೈಸರ್ ಮಾಡಿದ್ದಾರೆ. ಬೀಜ ಆರಿಸುವ 22 ಹೆಂಗಸರಿದ್ದಾರೆ, ಹೆಚ್ಚಿನವರು ನನ್ನ ಅಮ್ಮನ ವಯಸ್ಸಿನವರು. ಕಳೆದ ತಿಂಗಳು ಒಂದು ಲಾಟ್‌ನಲ್ಲಿ ಕಪ್ಪು ಬೀಜ ಜಾಸ್ತಿ ಉಳಿದಿದೆ ಎಂದು ಮ್ಯಾನೇಜರ್ ಒಬ್ಬ ಪ್ಲಾಂಟರ್ ಎದುರೇ ‘ಓದಿ ಏನು ಪ್ರಯೋಜನ’ ಎಂದು ಕೂಗಾಡಿದರು. ನಾನು ಸೀದಾ ಒಳಗೆ ಹೋಗಿ, ಎಲ್ಲರಿಗಿಂತ ಹಳಬರಾದ ಒಬ್ಬ ಅಕ್ಕನಿಗೆ ‘ಕಣ್ಣು ಕಾಣದಿದ್ರೆ ಮನೇಲಿರಿ’ ಅಂದುಬಿಟ್ಟೆ. ಅವರು ಎರಡು ದಿನ ಬರಲಿಲ್ಲ. ಈಗ ಬರುತ್ತಿದ್ದಾರೆ, ಆದರೆ ನಾನು ಹೋದ ಕೂಡಲೇ ಎಲ್ಲರ ಮಾತು ನಿಲ್ಲುತ್ತದೆ. ಮ್ಯಾನೇಜರ್ ಮುಂದೆ ಬಾಯಿ ಬರುವುದಿಲ್ಲ, ಬಾತ್‌ರೂಮಿಗೆ ಹೋಗಿ ಅಳುತ್ತೇನೆ. ಮನೆಯವರು ‘ಬಿಟ್ಟುಬಿಡು’ ಅನ್ನುತ್ತಾರೆ. ನನಗೆ ಈ ಕೆಲಸದ ಯೋಗ್ಯತೆ ಇಲ್ಲವೇ? ಏನಾದರೂ ಕೋರ್ಸ್ ಮಾಡಲೇ?
– ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಯೋಗ್ಯತೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಪೀಟರ್ ಸಲೊವೆ ಮತ್ತು ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು 1990ರಲ್ಲಿ ಭಾವನಾತ್ಮಕ ಬುದ್ಧಿವಂತಿಕೆಯನ್ನು ವಿವರಿಸಿದಾಗ ಅದನ್ನು ಒಳ್ಳೆಯ ಸ್ವಭಾವ ಎನ್ನಲಿಲ್ಲ, ಸಾಮರ್ಥ್ಯ ಎಂದರು. ತನ್ನ ಮತ್ತು ಇತರರ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಗುರುತಿಸುವುದು, ಅದನ್ನು ಅರಿತು ನಡೆದುಕೊಳ್ಳುವುದು. ಲೆಕ್ಕ ಬರೆಯುವುದನ್ನು ಕಲಿತಂತೆ ಇದನ್ನೂ ಕಲಿಯಬಹುದು. ಆಫೀಸಿನಿಂದ ಒಂದೇ ದಿನದಲ್ಲಿ 22 ಜನರ ಮುಂದೆ ತಂದು ನಿಲ್ಲಿಸಿದವರು ನಿಮಗೆ ಅದನ್ನು ಕಲಿಸಲಿಲ್ಲ, ಅಷ್ಟೆ.

ಆ ದಿನ ನಡೆದದ್ದನ್ನು ಮತ್ತೆ ನೋಡಿ. ಮ್ಯಾನೇಜರ್ ಬೈದರು, ನೀವು ‘ಸೀದಾ ಒಳಗೆ’ ಹೋದಿರಿ. ಅನಾಹುತ ಆದದ್ದು ಆ ‘ಸೀದಾ’ದಲ್ಲಿ. ಅವರ ಕೋಣೆಯಿಂದ ಆರಿಸುವ ಮೇಜಿಗೆ ಒಂದೆರಡು ನಿಮಿಷದ ದಾರಿ ಇರಬಹುದು. ಅಷ್ಟರಲ್ಲಿ ಕಾದ ಮೈ ತಣ್ಣಗಾಗುವುದಿಲ್ಲ. ಬೈಗುಳ ಮೇಲಿನಿಂದ ಬಂದು ಎದುರು ಮಾತಾಡಲಾರದ ಒಬ್ಬರ ಮೇಲೆ ಇಳಿಯಿತು. ಇದನ್ನು ತಡೆಯುವ ಜಾಗ ಆ ದಾರಿಯೇ. ಇನ್ನು ಮೇಲೆ ಬೈಸಿಕೊಂಡ ನಂತರ ಹತ್ತು ನಿಮಿಷ ಸೆಕ್ಷನ್‌ಗೆ ಕಾಲಿಡಬೇಡಿ. ಯಾರ್ಡ್ ಕಡೆ ನಡೆಯಿರಿ, ಗೋಡೌನ್‌ನಲ್ಲಿ ಚೀಲದ ಲೆಕ್ಕ ನೋಡಿ, ಏನಾದರೂ ಸರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಹತ್ತು ಸಲ. ಎರಡು ನಿಮಿಷವೂ ಹಿಡಿಯುವುದಿಲ್ಲ. ಹೊರಬಿಡುವ ಉಸಿರು ಉದ್ದವಾದರೆ ಎದೆಬಡಿತ ತಗ್ಗುತ್ತದೆ. ಸಿಟ್ಟು ನೆತ್ತಿಗೇರಿದ ಮೇಲೆ ಮೊದಲ ಬಾರಿಗೆ ಇದನ್ನು ಮಾಡಲು ಹೋದರೆ ಕೈಕೊಡುತ್ತದೆ, ಆದ್ದರಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗಲೇ ಅಭ್ಯಾಸ ಮಾಡಿಕೊಳ್ಳಿ.

ಆ ಹತ್ತು ನಿಮಿಷದಲ್ಲಿ ಇನ್ನೊಂದು ಕೆಲಸವಿದೆ. ಒಳಗೆ ಆಗುತ್ತಿರುವುದಕ್ಕೆ ಸರಿಯಾದ ಹೆಸರಿಡಿ. ನೀವು ಸಿಟ್ಟು ಎಂದುಕೊಂಡಿರಬಹುದು. ಪತ್ರ ಓದಿದರೆ ಅದು ಹೊರಗಿನವರ ಎದುರು ಆದ ಅವಮಾನ, ಜೊತೆಗೆ ಕೆಲಸ ಹೋದೀತೆಂಬ ದಿಗಿಲು ಅನಿಸುತ್ತದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಿಟ್ಟು, ಭಯ ತುಂಬಿದ ಮುಖಗಳನ್ನು ತೋರಿಸಿ ಆ ಭಾವನೆಯ ಹೆಸರು ಆರಿಸಲು ಹೇಳಿದಾಗ, ನೋಡುತ್ತಿದ್ದವರ ಮಿದುಳಿನಲ್ಲಿ ಅಪಾಯಕ್ಕೆ ಮೊದಲು ಎಚ್ಚೆತ್ತುಕೊಳ್ಳುವ ಅಮಿಗ್ಡಾಲಾ ಭಾಗದ ಚಟುವಟಿಕೆ ತಗ್ಗಿತು. ಹೆಸರಿಡುವುದರಿಂದ ಇನ್ನೊಂದು ಲಾಭವೂ ಇದೆ. ಅವಮಾನ ಎಂದು ತಿಳಿದರೆ ಅದನ್ನು ಮಾಡಿದವರು ಯಾರು ಎಂಬುದೂ ತಿಳಿಯುತ್ತದೆ. ಅದು ಆ ಅಕ್ಕ ಅಲ್ಲ.

ಈಗ ಆ ಅಕ್ಕನ ವಿಷಯ. ಇದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ. ತಿಂಗಳಾಗಿದೆ, ಈಗ ಹೇಳಿದರೆ ಏನು ಅನ್ನುತ್ತಾರೋ ಎಂಬ ಹಿಂಜರಿಕೆ ಸಹಜ, ಆದರೆ ನಿಮ್ಮ ಮೌನವನ್ನು ಅವರು ದಿನಾ ಓದುತ್ತಿದ್ದಾರೆ. ಬೆಳಿಗ್ಗೆ ಕೆಲಸ ಶುರುವಾಗುವುದಕ್ಕೆ ಹತ್ತು ನಿಮಿಷ ಮೊದಲು ಅವರೊಬ್ಬರನ್ನೇ ಕಾಣಿ. ನಿಮ್ಮ ಕೋಣೆಗೆ ಕರೆಸಬೇಡಿ. ಕರೆಸಿದರೆ ಇನ್ನೊಂದು ಬೈಗುಳ ಎಂದು ಹೆದರಿಕೊಂಡೇ ಬರುತ್ತಾರೆ. ನೀವೇ ಅವರಿದ್ದಲ್ಲಿಗೆ ಹೋಗಿ. ‘ಅಕ್ಕ, ಅವತ್ತು ಎಲ್ಲರ ಮುಂದೆ ನಿಮ್ಮ ಕಣ್ಣಿನ ಬಗ್ಗೆ ಆಡಬಾರದ ಮಾತು ಆಡಿದೆ. ಯಾರದೋ ಮೇಲಿನ ಸಿಟ್ಟು ನಿಮ್ಮ ಮೇಲೆ ತೀರಿಸಿಕೊಂಡೆ. ನನ್ನದು ತಪ್ಪಾಯ್ತು. ಇನ್ನು ಹಂಗೆ ಮಾತಾಡಲ್ಲ.’ ಇಷ್ಟು ಸಾಕು.

ಕ್ಷಮೆ ಕೆಡುವುದು ಇದಕ್ಕೆ ಸೇರಿಸುವ ಮಾತುಗಳಿಂದ. ‘ಆದರೆ ಕಪ್ಪು ಬೀಜವೂ ಉಳಿದಿತ್ತಲ್ಲ’ ಎಂದರೆ ಮೊದಲು ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ಮ್ಯಾನೇಜರ್ ಏನೆಂದರು, ನಿಮಗೆ ಎಷ್ಟು ನೋವಾಯಿತು ಎಂದು ವಿವರಿಸತೊಡಗಿದರೆ ಆ ಅಕ್ಕನೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಕಣ್ಣು ತುಂಬಿ ಬಂದರೆ ಬರಲಿ, ಆದರೆ ಮಾತು ಮುಗಿಸಿ. ಸೀರೆ, ಸ್ವೀಟು, ಅರ್ಧ ದಿನದ ರಜೆ ಬೇಡವೇ ಬೇಡ, ಅದು ಅವಮಾನಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ‘ಇರಲಿ ಬಿಡಮ್ಮ’ ಎಂಬ ಮಾತನ್ನೂ ನಿರೀಕ್ಷಿಸಬೇಡಿ. ಅವರು ಸುಮ್ಮನೆ ತಲೆ ಆಡಿಸಬಹುದು, ಮುಖ ತಿರುಗಿಸಿಕೊಳ್ಳಬಹುದು, ಅದು ಅವರ ಹಕ್ಕು. ನಂತರ ಅದೇ ಬೆಳಿಗ್ಗೆ ಮೇಜಿನ ಬಳಿ, ಬೈದದ್ದು ಕೇಳಿಸಿಕೊಂಡ ಎಲ್ಲರ ಎದುರು ಎರಡು ವಾಕ್ಯ: ‘ಅವತ್ತು ನಾನು ಅಕ್ಕನಿಗೆ ಆಡಿದ ಮಾತು ತಪ್ಪು. ಅವರ ಹತ್ರ ಹೇಳಿದ್ದೀನಿ, ನಿಮ್ಮ ಮುಂದೇನೂ ಹೇಳ್ತಿದ್ದೀನಿ.’ ನೋವು ಕೊಟ್ಟದ್ದು ಎಲ್ಲರ ಎದುರು, ಆದ್ದರಿಂದ ಒಬ್ಬರ ಕಿವಿಯಲ್ಲಿ ಹೇಳಿದ ಕ್ಷಮೆ ಅರ್ಧವೇ. ಇದರಿಂದ ಸೂಪರ್‌ವೈಸರ್ ಗೌರವ ಇಳಿಯುತ್ತದೆ ಎಂದು ಕೆಲವರು ಹೇಳಬಹುದು. ನಮ್ಮ ಅಭಿಪ್ರಾಯ ಬೇರೆ: ಹಿರಿಯರ ಎದುರು ತಪ್ಪೊಪ್ಪಿಕೊಂಡ ಹುಡುಗಿಯ ಮಾತಿಗೆ ನಮ್ಮ ಕಡೆ ತೂಕ ಹೆಚ್ಚುತ್ತದೆ.

ಕ್ಷಮೆ ಕೇಳಿದರೂ ಕಪ್ಪು ಬೀಜದ ತೊಂದರೆ ಅಲ್ಲೇ ಇರುತ್ತದೆ. ಎರಡನ್ನೂ ಒಂದೇ ದಿನ ಎತ್ತಬೇಡಿ. ಮೂರು ನಾಲ್ಕು ದಿನ ಬಿಟ್ಟು, ಟೀ ಹೊತ್ತಿನಲ್ಲಿ ಆರೇಳು ಜನರ ಜೊತೆ ಕೂತು ಒಂದೇ ಪ್ರಶ್ನೆ ಕೇಳಿ: ‘ಕಪ್ಪು ಬೀಜ ಯಾಕೆ ತಪ್ಪಿಹೋಗ್ತಿದೆ, ನಿಮಗೇನನ್ನಿಸುತ್ತೆ?’ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಮೊದಲ ಅರ್ಧ ನಿಮಿಷ ಯಾರೂ ಮಾತಾಡುವುದಿಲ್ಲ. ನೀವೇ ಮಾತು ತುಂಬಿಸಿದರೆ ಅಲ್ಲಿಗೆ ಮುಗಿಯಿತು. ಟ್ಯೂಬ್‌ಲೈಟಿನ ನೆರಳು ಕೈಮೇಲೆ ಬೀಳುತ್ತದೆ ಅನ್ನಬಹುದು. ಬೀಜ ಬರುವ ವೇಗ ಹೆಚ್ಚು ಅನ್ನಬಹುದು. ಕೂಲಿ ತೂಕದ ಮೇಲಿದ್ದರೆ, ನಿಧಾನಿಸಿದಷ್ಟೂ ದುಡ್ಡು ಖೋತಾ ಎಂದು ಯಾರಾದರೂ ಗೊಣಗಬಹುದು. ಸಮರ್ಥಿಸಿಕೊಳ್ಳಬೇಡಿ. ‘ಅಂದ್ರೆ ಮಧ್ಯಾಹ್ನದ ಮೇಲೆ ಕಿಟಕಿ ಕಡೆಯ ಮೇಜಿಗೆ ಬೆಳಕು ಸಾಲಲ್ಲ, ಅಲ್ವಾ?’ ಎಂದು ಅವರ ಮಾತನ್ನೇ ತಿರುಗಿ ಹೇಳಿ, ಎದುರಿಗೇ ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮ ಕೈಯಲ್ಲಿ ಆಗುವ ಒಂದನ್ನಾದರೂ ವಾರದೊಳಗೆ ಮಾಡಿ, ಆಗದ್ದನ್ನು ಏಕೆ ಆಗಲಿಲ್ಲ ಎಂದು ಹೇಳಿ. ಕೇಳಿಸಿಕೊಂಡು ಏನೂ ಮಾಡದ ಸೂಪರ್‌ವೈಸರ್‌ಗೆ ಮುಂದಿನ ಸಲ ಉತ್ತರ ಸಿಗುವುದಿಲ್ಲ.

ಕಣ್ಣಿನ ಬಗ್ಗೆ ಒಂದು ಮಾತು. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂದವಾಗುವುದು ಬಹುತೇಕ ಎಲ್ಲರಿಗೂ ಆಗುವಂಥದ್ದು. ಓದುವ ಕನ್ನಡಕ ಹಾಕಿದರೆ ಸರಿಹೋಗುತ್ತದೆ. ಬೀಜದ ಮೇಲಿನ ಕಂದು ಮಚ್ಚೆ ಗುರುತಿಸುವ ಕೆಲಸಕ್ಕೆ ಅದು ಅಗತ್ಯವೂ ಹೌದು. ಒಂದು ತಿಂಗಳು ಕಳೆಯಲಿ. ಆಮೇಲೆ 22 ಜನರಿಗೂ, ನಿಮಗೂ ಸೇರಿಸಿ, ಕಣ್ಣಿನ ತಪಾಸಣೆ ಏರ್ಪಡಿಸಲು ಆಡಳಿತವನ್ನು ಕೇಳಿ. ಆ ಅಕ್ಕನ ಹೆಸರು ಮಾತ್ರ ಎಲ್ಲೂ ಬರಬಾರದು.

ತಪ್ಪು ತೋರಿಸಬೇಕಾದಾಗ ಮನುಷ್ಯರನ್ನು ಬಿಟ್ಟು ಬೀಜ ತೋರಿಸಿ. ಎರಡು ಗಂಟೆಗೊಮ್ಮೆ ಪ್ರತಿ ಮೇಜಿನಿಂದ 100 ಗ್ರಾಂ ತೆಗೆದು, ಅವರ ಎದುರೇ ಕಪ್ಪು, ಕಂದು, ಚೂರು ಬೇರೆ ಮಾಡಿ ಎಣಿಸಿ. ‘ಈ ಮೇಜಿನ ಸ್ಯಾಂಪಲ್‌ನಲ್ಲಿ ಈಗ ಎಂಟು ಕಪ್ಪು ಸಿಕ್ತು, ಹಿಂಗೇ ಹೋದ್ರೆ ಲಾಟ್ ವಾಪಸ್ ಬರುತ್ತೆ, ಮುಂದಿನ ಚೀಲ ಸ್ವಲ್ಪ ನಿಧಾನಕ್ಕೆ ಆರಿಸೋಣ.’ ಏನು ಕಂಡಿತು, ಅದರಿಂದ ಏನಾಗುತ್ತದೆ, ಏನು ಬೇಕು – ಮೂರೇ ತುಂಡು. ‘ಯಾವಾಗ್ಲೂ’, ‘ಎಷ್ಟು ಸಲ ಹೇಳಿದ್ರೂ’, ‘ನಿಮಗೆ’ ಎಂದು ಶುರುವಾದ ಮಾತು ಜಗಳಕ್ಕೇ ಹೋಗುತ್ತದೆ. ಎಣಿಕೆ ಇಳಿದಾಗಲೂ ಅಷ್ಟೇ ಖಚಿತವಾಗಿ, ಎಲ್ಲರಿಗೂ ಕೇಳುವಂತೆ ಹೇಳಿ.

ಇನ್ನು ಮ್ಯಾನೇಜರ್. ಅವರೆದುರು ಸುಮ್ಮನಿರುವುದನ್ನು ನೀವು ತಾಳ್ಮೆ ಎಂದುಕೊಂಡಿದ್ದರೆ, ಅಲ್ಲ. ಮುಖದ ಮೇಲೆ ತೋರಗೊಡದೆ ನುಂಗಿಕೊಳ್ಳುವವರ ಮೈ ಒಳಗೊಳಗೇ ಇನ್ನಷ್ಟು ಉದ್ವೇಗಕ್ಕೆ ಒಳಗಾಗುತ್ತದೆ, ಆ ಹೊತ್ತಿನಲ್ಲಿ ಕೇಳಿದ್ದೂ ಸರಿಯಾಗಿ ನೆನಪಿರುವುದಿಲ್ಲ ಎಂದು ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಗ್ರಾಸ್ ಮತ್ತು ಸಂಗಡಿಗರ ಪ್ರಯೋಗಗಳು ತೋರಿಸಿವೆ. ನುಂಗಿದ್ದು ಬಾತ್‌ರೂಮಿನಲ್ಲಿ ಅಳುವಾಗುತ್ತದೆ, ಇಲ್ಲವೇ ಅಕ್ಕನ ಮೇಲೆ ಮಾತಾಗುತ್ತದೆ. ಕೂಗಾಟ ನಡೆಯುತ್ತಿರುವಾಗ ಹೇಳಲು ಒಂದೇ ವಾಕ್ಯ ಬಾಯಿಪಾಠ ಮಾಡಿಟ್ಟುಕೊಳ್ಳಿ: ‘ಸರ್, ಲಾಟ್ ಈಗಲೇ ನೋಡ್ತೀನಿ, ಹದಿನೈದು ನಿಮಿಷದಲ್ಲಿ ಒಳಗೆ ಬಂದು ಹೇಳ್ತೀನಿ.’ ವಾದವೂ ಇಲ್ಲ, ತಲೆ ತಗ್ಗಿಸಿದ್ದೂ ಇಲ್ಲ, ಅಲ್ಲಿಂದ ಹೊರಡಲು ದಾರಿಯೂ ಸಿಕ್ಕಿತು. ಹೇಳಿದಂತೆ ಹದಿನೈದು ನಿಮಿಷಕ್ಕೆ ಹೋಗಿ.

ಆಮೇಲೆ ಒಂದು ದಿನ ಹತ್ತು ನಿಮಿಷ ಸಮಯ ಕೇಳಿ. ಯಾರ್ಡ್‌ನಲ್ಲಿ ಕಾಫಿ ಹರಡಿ ಹೂಮಳೆ ಬರುತ್ತದೋ ಎಂದು ಆಕಾಶ ನೋಡುತ್ತಿರುವ ಮಧ್ಯಾಹ್ನ ಬೇಡ, ಲಾರಿ ಲೋಡ್ ಆಗುವ ಸಂಜೆಯೂ ಬೇಡ. ಫೋನು ಶುರುವಾಗುವುದಕ್ಕೆ ಮೊದಲು, ಬೆಳಿಗ್ಗೆ. ವಾಟ್ಸ್ಆ್ಯಪ್‌ನಲ್ಲಿ ಬರೆಯಲೇಬೇಡಿ, ಧ್ವನಿ ಇಲ್ಲದ ಮಾತು ಎದುರುತ್ತರದಂತೆ ಕಾಣುತ್ತದೆ. ‘ಸರ್, ಅವತ್ತು ಪ್ಲಾಂಟರ್ ಎದುರು ನೀವು ಜೋರು ಮಾಡಿದ್ರಿ. ಅದಾದ ಮೇಲೆ ಸೆಕ್ಷನ್‌ನಲ್ಲಿ ನನ್ನ ಮಾತು ನಡೀತಿಲ್ಲ. ತಪ್ಪಿದ್ರೆ ಒಳಗೆ ಕರೆದು ಹೇಳಿ, ಕೇಳ್ತೀನಿ. ಈ ವಾರದ ಸ್ಯಾಂಪಲ್ ಲೆಕ್ಕ ಇಲ್ಲಿದೆ.’ ಎಣಿಕೆಯ ಪುಸ್ತಕ ಕೈಯಲ್ಲಿರಲಿ. ಕೆಲಸದ ಲೆಕ್ಕ ಹಿಡಿದು ಬಂದವರ ಮಾತನ್ನು ಅಳುಮುಂಜಿತನ ಎಂದು ತಳ್ಳಿಹಾಕುವುದು ಕಷ್ಟ.

ಅವರು ಬದಲಾಗದೆಯೂ ಇರಬಹುದು. ಆಗ ದಿನಾಂಕ, ಸಮಯ, ಆಡಿದ ಮಾತು, ಅಲ್ಲಿದ್ದವರು ಯಾರು ಎಂದು ಬರೆದಿಟ್ಟು ಮಾಲೀಕರ ಬಳಿ ಹೋಗಿ. ನಿಮ್ಮ ಭಾವನಾತ್ಮಕ ಬುದ್ಧಿವಂತಿಕೆ ಎಷ್ಟೇ ಬೆಳೆದರೂ ಇನ್ನೊಬ್ಬರ ದುರ್ವರ್ತನೆಯನ್ನು ಸಹಿಸುತ್ತಲೇ ಇರುವುದು ಅದರ ಕೆಲಸವಲ್ಲ. ಮಾತು ನಿಮ್ಮ ಮೈಬಣ್ಣ, ದೇಹ ಎಂದು ಲೈಂಗಿಕ ಅರ್ಥದ ಕಡೆ ತಿರುಗಿದರೆ ಅದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಅಲ್ಲಿಗೆ ಲಿಖಿತ ದೂರು ಕೊಡಬೇಕು.

ಕೋರ್ಸ್ ಬಗ್ಗೆ ಕೇಳಿದ್ದೀರಿ. ಎರಡು ದಿನ ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವಂಥದ್ದಕ್ಕೆ ದುಡ್ಡು ಹಾಕಬೇಡಿ. ಎದುರುಬದುರು ಕೂರಿಸಿ ಮಾತಾಡಿಸಿ, ತಿದ್ದಿ, ಕೆಲವು ವಾರ ಬಿಟ್ಟು ಮತ್ತೆ ಕರೆಸುವಂಥದ್ದು ಸಿಕ್ಕರೆ ಸೇರಿ.

ಮನೆಯವರು ‘ಬಿಟ್ಟುಬಿಡು’ ಅನ್ನುವುದು ನಿಮ್ಮ ಅಳು ನೋಡಲಾರದೆ. ಸಂಜೆ ಹದಿನೈದು ನಿಮಿಷ ಸಲಹೆ ಕೊಡದೆ ಬರೀ ಕೇಳಿಸಿಕೊಳ್ಳಿ ಎಂದು ಅವರನ್ನು ಬಾಯಿಬಿಟ್ಟು ಕೇಳಿ. ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅದಕ್ಕೂ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾಜೀನಾಮೆಯ ತೀರ್ಮಾನವನ್ನು ಸೀಸನ್ ಮುಗಿಯುವವರೆಗೆ ತಡೆಹಿಡಿಯಿರಿ. ಅಲ್ಲಿಯವರೆಗೆ ಪ್ರತಿ ಶನಿವಾರ ಎರಡೇ ಸಂಗತಿ ಗುರುತು ಹಾಕಿಕೊಳ್ಳಿ: ಬೈಸಿಕೊಂಡ ಮೇಲೆ ಹತ್ತು ನಿಮಿಷ ತಡೆದದ್ದು ಎಷ್ಟು ಸಲ, ನೀವು ಕೇಳುವ ಮೊದಲೇ ಆ ಹೆಂಗಸರು ತಾವಾಗಿ ಬಂದು ತೊಂದರೆ ಹೇಳಿದ್ದು ಎಷ್ಟು ಸಲ. ಎರಡನೆಯದು ಏರುತ್ತಿದ್ದರೆ ಕೆಲಸದಲ್ಲಿ ಉಳಿಯಿರಿ. ನೀವು ಮಾಡಬೇಕಾದ್ದೆಲ್ಲ ಮಾಡಿ, ಮಾಲೀಕರಿಗೂ ಹೇಳಿ, ಮ್ಯಾನೇಜರ್ ಮಾತ್ರ ಹಾಗೇ ಇದ್ದರೆ ಬೇರೆ ಕಡೆ ಕೆಲಸ ಗಟ್ಟಿ ಮಾಡಿಕೊಂಡು ಹೊರಡಿ.