ಅಡಿಕೆ ತೋಟದ ಕೆರೆ ಬದಿಯ ಒಂದೆಲಗ ತಿನ್ನಬಹುದಾ?

ಉಡುಪಿ ಕಡೆಯ ತೋಟದ ಕೆರೆ ಬದಿಯಲ್ಲಿ ತಾನಾಗಿ ಹಬ್ಬಿದ ಒಂದೆಲಗದಲ್ಲಿ ಭಾರಲೋಹ ಸೇರಿರುತ್ತದಾ ಅಂತ ಕೇಳಿದ್ದೀರಿ. ಸೇರಬಹುದು. ತುಳುವಿನ ತಿಮರೆ ಇದೇ. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಬಳ್ಳಿ, ಬೇರುಗಳೆಲ್ಲ ಕೆಸರಿನಲ್ಲೇ; ಕೆಸರಿನಲ್ಲಿರುವ ಲೋಹವನ್ನು ಹೀರಿಕೊಳ್ಳಬಹುದು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನೋಡಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರವೇ. ಮಳೆಗೆ ತೊಳೆದುಹೋದದ್ದು ತಗ್ಗಿಗೆ, ಅಂದರೆ ಕೆರೆಗೆ ಇಳಿಯುತ್ತದೆ. ತಾಮ್ರ ಕೊಳೆಯುವ ವಸ್ತುವಲ್ಲ, ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ಬೋರ್ಡೋ ಕಲಸಿದ ಡ್ರಮ್ ತೊಳೆಯುವ ಕಲ್ಲಿನ ಮೇಲೆ ನೀಲಿ ಕಲೆ ಕಾಣುತ್ತದಲ್ಲ, ಅದರ ಪಕ್ಕದ ತಿಮರೆ ಮುಟ್ಟಲೇಬೇಡಿ.

ನನಗೆ ಜಾಸ್ತಿ ಚಿಂತೆ ಕ್ಯಾಡ್ಮಿಯಂ ಎಂಬ ವಿಷಕಾರಿ ಭಾರಲೋಹದ್ದು. ರಂಜಕದ ಗೊಬ್ಬರದ ಜೊತೆ ಸ್ವಲ್ಪ ಸ್ವಲ್ಪವೇ ಬರುತ್ತದೆ, ನಮ್ಮ ಹುಳಿ ಮಣ್ಣಿನಲ್ಲಿ ಬೇರಿಗೆ ಸುಲಭವಾಗಿ ಸಿಗುತ್ತದೆ. ದೇಹಕ್ಕೆ ಹೋದರೆ ಕಿಡ್ನಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ತೊಳೆದರೆ ಮೇಲಿನ ಮಣ್ಣು ಹೋಗುತ್ತದೆ, ಒಳಗಿನದು ಹೋಗಲ್ಲ. ಸಾಮಾನ್ಯವಾಗಿ ಲೋಹ ಬೇರಿನಲ್ಲಿ ಜಾಸ್ತಿ, ಎಲೆಯಲ್ಲಿ ಕಡಿಮೆ. ನಮ್ಮಲ್ಲಿ ಬೇರು ಸಮೇತ ಅರೆದು ಚಟ್ನಿ ಮಾಡುವವರಿದ್ದಾರೆ ಅಲ್ವಾ, ಅದು ಬೇಡ. ಅಪರೂಪಕ್ಕೆ ಬರೀ ಎಲೆಯ ತಂಬುಳಿಯಾದರೆ ನಾನಂತೂ ತಿನ್ನುತ್ತೇನೆ. ದಿನಾ ಬೇಕಿದ್ದರೆ ಒಂದು ತುಂಡು ಬಳ್ಳಿ ತಂದು ಒಳ್ಳೆ ಮಣ್ಣಿನ ಕುಂಡದಲ್ಲಿ ನೆಡಿ. ಬಾವಿಕಟ್ಟೆ ಹತ್ತಿರ ಇಟ್ಟರೆ ಸುಮ್ನೆ ಹಬ್ಬುತ್ತದೆ.