‘ಏನಿಲ್ಲ ಬಿಡಿ’ ಎನ್ನುವ ಮೊದಲು

(ಬಸವನಗುಡಿಯ ಓದುಗರೊಬ್ಬರ ಪತ್ರ: ನಿವೃತ್ತರಾದ ಪತಿಗೆ ಕಿವಿ ಮಂದವಾಗಿದೆ. ಕೃಷ್ಣರಾವ್ ಪಾರ್ಕಿನಲ್ಲಿ ಗೆಳೆಯರೊಂದಿಗೆ ಗಂಟೆಗಟ್ಟಲೆ ಹರಟುವವರಿಗೆ ಮನೆಯಲ್ಲಿ ಹೆಂಡತಿಯ ಮಾತು ಮಾತ್ರ ಕೇಳಿಸುವುದಿಲ್ಲ; ಇದು ಬೇಕೆಂದೇ ಮಾಡುವುದೇ?)

ಮಾನ್ಯರೇ,

‘ಪಾರಿಜಾತ ಬಿಟ್ಟಿದೆ ನೋಡಿ’ ಎಂದಿರಿ, ಅವರು ‘ಏನು?’ ಎಂದರು, ಎರಡನೆಯ ಸಲವೂ ಹಾಗೆಯೇ ಆದಾಗ ‘ಏನಿಲ್ಲ ಬಿಡಿ’ ಎಂದು ಒಳಗೆ ಹೋದಿರಿ ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಕಾಡಿದ್ದು ಇದೇ. ಮಾತ್ರೆ, ಕರೆಂಟ್ ಬಿಲ್ಲು, ಮಗಳ ಫೋನು, ಇವನ್ನು ಕೂಗಿಯಾದರೂ ಹೇಳುತ್ತೇವೆ. ಪಾರಿಜಾತವನ್ನು ಕೂಗಿ ಹೇಳುವುದು ಹೇಗೆ? ಕಿವಿ ಮಂದವಾದ ಮನೆಯಲ್ಲಿ ಮೊದಲು ನಿಂತುಹೋಗುವುದು ಇಂಥ ಮಾತುಗಳೇ, ಮತ್ತು ಅದರ ಒಂಟಿತನ ಕಿವಿ ಚೆನ್ನಾಗಿರುವವರಿಗೂ ಅಷ್ಟೇ ಇರುತ್ತದೆ.

ಅವರು ಬೇಕೆಂದೇ ಮಾಡುತ್ತಿರಲಾರರು. ವಯಸ್ಸಾದಂತೆ ಸದ್ದನ್ನು ಗ್ರಹಿಸುವ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಕುಂದುವುದು ಎತ್ತರದ ಶ್ರುತಿಯ ಸದ್ದುಗಳ ಶ್ರವಣ. ಸ, ಶ, ತ, ಕದಂಥ ವ್ಯಂಜನಗಳು ಮಸುಕಾಗಿ, ಸ್ವರಾಕ್ಷರಗಳಷ್ಟೇ ಗಟ್ಟಿಯಾಗಿ ಉಳಿಯುವುದರಿಂದ ‘ತಟ್ಟೆ’ಗೂ ‘ಕಟ್ಟೆ’ಗೂ ವ್ಯತ್ಯಾಸ ತಿಳಿಯದೆ ಹೋಗುತ್ತದೆ; ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಪಾರ್ಕಿನ ಕಲ್ಲುಬೆಂಚಿನಲ್ಲಿ ಗೆಳೆಯರು ಪಕ್ಕದಲ್ಲೇ ಕುಳಿತು, ಮುಖ ನೋಡುತ್ತಾ, ಗಂಡಸರ ತಗ್ಗಿದ ದನಿಯಲ್ಲಿ ಮಾತನಾಡುತ್ತಾರೆ. ನಿಮ್ಮ ದನಿ ಅದಕ್ಕಿಂತ ಎತ್ತರದ್ದು, ಬರುವುದು ಅಡುಗೆಮನೆಯಿಂದ, ಅದೂ ಕುಕ್ಕರಿನ ಸೀಟಿಯ ನಡುವೆ. ಕೂಗಿದರೆ ಸ್ವರಾಕ್ಷರಗಳೇ ಹಿಗ್ಗುತ್ತವೆ, ವ್ಯಂಜನ ಸ್ಪಷ್ಟವಾಗುವುದಿಲ್ಲ. ಅವರಿಗೆ ಉಳಿಯುವುದು ನಿಮ್ಮ ಸಿಡುಕು ಮುಖ ಮಾತ್ರ.

ಮದುವೆಮನೆಗಳಿಗೆ ಅವರು ಬರುವುದನ್ನೇ ಬಿಟ್ಟಿದ್ದಾರೆ ಎಂದಿದ್ದೀರಿ. ಅದು ನಾಚಿಕೆಯಿರಬಹುದು. ಆದ್ದರಿಂದ ‘ನಿಮ್ಮ ಕಿವಿ ಕೆಟ್ಟಿದೆ’ ಎನ್ನದೆ, ‘ನಿಮ್ಮೊಡನೆ ಮಾತಾಡದೆ ನನಗೆ ಬೇಸರವಾಗಿದೆ’ ಎಂದು ಹೇಳಿ ನೋಡಿ. ಮೊದಲು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ. ಶ್ರವಣ ಪರೀಕ್ಷೆಗೆ ನೀವೂ ಜೊತೆಗೆ ಹೋಗಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲೂ ಶ್ರವಣತಜ್ಞರಿದ್ದಾರೆ.

ಶ್ರವಣಯಂತ್ರ ಹಾಕಿದ ದಿನವೇ ಎಲ್ಲ ಸರಿಹೋಗುವುದಿಲ್ಲ. ನಲ್ಲಿಯ ನೀರು, ಪೇಪರಿನ ಸರಪರ ಕೂಡ ಗದ್ದಲವೆನಿಸುತ್ತದೆ, ಮಿದುಳು ಹೊಂದಿಕೊಳ್ಳಲು ವಾರಗಳೇ ಬೇಕು. ನಮ್ಮ ತಂದೆಯವರು ನಾಲ್ಕೇ ದಿನಕ್ಕೆ ಅದನ್ನು ಬೀರುವಿನೊಳಗೆ ಇಟ್ಟರು, ನಾವೂ ಸುಮ್ಮನಾದೆವು. ಆ ಸುಮ್ಮನಿದ್ದುದು ನನ್ನನ್ನು ಇಂದಿಗೂ ನೋಯಿಸುತ್ತದೆ. ನೀವು ಸುಮ್ಮನಾಗಬೇಡಿ. ಯಂತ್ರ ಒಗ್ಗುವವರೆಗೆ ಟಿ.ವಿ. ಆರಿಸಿ, ಹತ್ತಿರ ಹೋಗಿ, ಮುಖ ಕಾಣುವಂತೆ ನಿಂತು, ಕೂಗದೆ ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿ. ತಿಂಗಳೆರಡು ಕಳೆದ ಮೇಲೆ ಹೇಗಾಯಿತೆಂದು ಖಂಡಿತ ಬರೆಯಿರಿ.

– ಸಂಪಾದಕ