ಥೆರಪಿ ಅರ್ಧಕ್ಕೆ ನಿಂತದ್ದು ನನ್ನ ತಪ್ಪೇ?

ಪ್ರಶ್ನೆ: ನನಗೆ 36 ವರ್ಷ. ಮಲೆನಾಡಿನವಳು, ಈಗ ಬೆಂಗಳೂರಿನಲ್ಲಿದ್ದೇನೆ. ಐದನೆಯ ತರಗತಿಯಿಂದ ಹತ್ತರವರೆಗೆ ಸೋದರಮಾವನ ಮನೆಯಲ್ಲಿದ್ದು ಓದಿದೆ. ಛತ್ರಿಯನ್ನೋ ಪುಸ್ತಕವನ್ನೋ ಕಳೆದುಕೊಂಡು ಬಂದರೆ ಮಾವ ಬೆಲ್ಟಿನಿಂದ ಹೊಡೆದು, ಉಗ್ರಾಣದ ಕತ್ತಲಲ್ಲಿ ಕೂಡಿಹಾಕುತ್ತಿದ್ದರು. ಚಿಲಕ ಹಾಕುವ ಸದ್ದು ಕೇಳಿದರೆ ಈಗಲೂ ಮೈ ತಣ್ಣಗಾಗುತ್ತದೆ. ಕಳೆದ ವರ್ಷ ಮಗನನ್ನು ಎಡಿಎಚ್‌ಡಿ (ಗಮನಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ತಪಾಸಣೆಗೆ ಕರೆದೊಯ್ದಾಗ ನನಗೂ ಅದು ಇದೆಯೆಂದು ತಿಳಿಯಿತು. ಅದಕ್ಕೆ ಕೊಟ್ಟ ಮಿಥೈಲ್‌ಫೆನಿಡೇಟ್ ಮಾತ್ರೆಯಿಂದ ಆಫೀಸಿನ ಕೆಲಸ ಸುಧಾರಿಸಿದೆ. ಹಳೆಯ ಆಘಾತಕ್ಕೆಂದು ಥೆರಪಿಗೂ ಹೋದೆ. ದಿನವೂ ಬರೆಯಲು ಹೇಳಿದ್ದನ್ನು ಬರೆಯಲಿಲ್ಲ, ಎರಡು ಸಲ ಅಪಾಯಿಂಟ್‌ಮೆಂಟ್ ಮರೆತೆ. ‘ನೀವಿನ್ನೂ ಸಿದ್ಧರಾಗಿಲ್ಲ’ ಎಂದರು, ನಿಲ್ಲಿಸಿಬಿಟ್ಟೆ. ಮಾತ್ರೆ ಇದೆಯಲ್ಲ, ಹಳೆಯದನ್ನೇಕೆ ಕೆದಕುತ್ತೀಯ ಎನ್ನುತ್ತಾರೆ ನನ್ನ ಗಂಡ. ಮುಂದಿನ ತಿಂಗಳು ಮಾವನ ಷಷ್ಟ್ಯಬ್ದಿಗೆ ಬರಲೇಬೇಕೆಂದು ಅಮ್ಮನ ಒತ್ತಾಯ. ಮೊನ್ನೆ ಮಗ ನೀರಿನ ಬಾಟಲಿ ಕಳೆದುಕೊಂಡು ಬಂದಾಗ ನನ್ನ ಕೈ ತಾನಾಗಿಯೇ ಮೇಲೆದ್ದಿತು. ಹೊಡೆಯಲಿಲ್ಲ. ಬಚ್ಚಲಿಗೆ ಹೋಗಿ ಅತ್ತೆ. ನಾನೇನು ಮಾಡಲಿ?

ಉತ್ತರ: ಅದು ನಿಮ್ಮ ತಪ್ಪಲ್ಲ. ನೀವು ಸಿದ್ಧರಿರಲಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಒಂದೇ ವರ್ಷದಲ್ಲಿ ಮಗನ ತಪಾಸಣೆ, ತನ್ನ ತಪಾಸಣೆ, ಔಷಧ, ಥೆರಪಿ ಇಷ್ಟನ್ನೂ ಕೈಗೆತ್ತಿಕೊಂಡ ಹೆಣ್ಣುಮಗಳಿಗೆ ವಾಸಿಯಾಗುವ ಮನಸ್ಸಿಲ್ಲವೆಂದು ಹೇಗೆ ಹೇಳುವುದು? ದಿನ, ಸಮಯ ನೆನಪಿಟ್ಟುಕೊಳ್ಳುವುದು, ಯಾರೂ ಎದುರಿಗಿಲ್ಲದಾಗ ತಾನಾಗಿ ಕುಳಿತು ಬರೆಯಲು ಶುರುಮಾಡುವುದು, ಇವೇ ಎಡಿಎಚ್‌ಡಿ ಇರುವವರಿಗೆ ಅತ್ಯಂತ ಕಷ್ಟದ ಕೆಲಸಗಳು. ಆಘಾತಕ್ಕೆ ಕೊಡುವ ಹಲವು ಚಿಕಿತ್ಸೆಗಳು ಮನೆಯಲ್ಲಿ ಮಾಡಬೇಕಾದ ಅಭ್ಯಾಸವನ್ನು ನಂಬಿ ನಿಂತಿವೆ. ಒಂದರಲ್ಲಿ ವಾರವಾರ ಹಾಳೆಗಳನ್ನು ತುಂಬಬೇಕು, ಇನ್ನೊಂದರಲ್ಲಿ ತನ್ನ ಕಥೆಯನ್ನು ತಾನೇ ಹೇಳಿದ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಬೇಕು. ಹೋಂವರ್ಕ್ ಮಾಡದೆ ಬಂದು ಚಿಕಿತ್ಸಕರ ಎದುರು ತಲೆ ತಗ್ಗಿಸಿ ಕುಳಿತಾಗ ನೀವು ಉಗ್ರಾಣದ ಬಾಗಿಲಿನ ಮುಂದೆ ನಿಂತ ಆ ಹುಡುಗಿಯೇ ಆಗಿದ್ದಿರಿ ಎಂದು ನನಗನಿಸುತ್ತದೆ. ಮರೆತದ್ದಕ್ಕೆ ಪೆಟ್ಟು ತಿಂದವರಿಗೆ, ಮರೆತದ್ದನ್ನು ಒಪ್ಪಿಕೊಳ್ಳುವುದೇ ಭಯದ ಸಂಗತಿ.

ಒಂದು ಮಾತನ್ನು ಮಾತ್ರ ಪ್ರಾಮಾಣಿಕವಾಗಿ ಯೋಚಿಸಿ. ನೋವಿನ ನೆನಪಿನಿಂದ ದೂರ ಸರಿಯುವುದು ಆಘಾತದ ಲಕ್ಷಣವೂ ಹೌದು. ಕರೆಂಟ್ ಬಿಲ್ಲು, ದಂತವೈದ್ಯರ ಭೇಟಿಗಳನ್ನೂ ಇದೇ ರೀತಿ ಮರೆಯುತ್ತೀರಾದರೆ ಥೆರಪಿಯ ದಿನ ಮರೆತದ್ದೂ ಎಡಿಎಚ್‌ಡಿಯ ಮರೆವೇ ಇರಬೇಕು. ದಿನ ನೆನಪಿದ್ದು, ಬೆಳಗ್ಗೆಯಿಂದಲೇ ಹೊಟ್ಟೆ ತೊಳಸಿ, ಕೊನೆಗೆ ‘ಮರೆತುಹೋಯಿತು’ ಎಂದಿದ್ದರೆ ಅದು ಭಯ. ಎರಡೂ ಬೆರೆತಿರುವ ಸಾಧ್ಯತೆಯೇ ಹೆಚ್ಚು, ಮತ್ತು ಯಾವುದಾದರೂ ನಾಚಿಕೆಪಡಬೇಕಾಗಿಲ್ಲ. ಇದನ್ನು ಹೀಗೆಯೇ ಚಿಕಿತ್ಸಕರಿಗೆ ಹೇಳಿದರೆ ಅವರ ಕೆಲಸ ಸುಲಭವಾಗುತ್ತದೆ.

ಇವೆರಡನ್ನು ಬೇರ್ಪಡಿಸುವುದು ತಜ್ಞರಿಗೂ ಸುಲಭವಲ್ಲ. ಯಾವ ಕ್ಷಣದಲ್ಲಿ ಏನಾಗುವುದೋ ಎಂದು ಸದಾ ಕಿವಿ ನಿಮಿರಿಸಿಕೊಂಡಿರುವ ಮನಸ್ಸು ಚಂಚಲವಾಗಿ ಕಾಣುತ್ತದೆ. ಭಯದಲ್ಲಿ ಮರಗಟ್ಟಿದ ಮನಸ್ಸು ಕನಸು ಕಾಣುತ್ತ ಕುಳಿತಂತೆ ಕಾಣುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಗಮನಕೊರತೆಯ ತೊಂದರೆಯೂ ಆಘಾತೋತ್ತರ ಒತ್ತಡದ ಕಾಯಿಲೆಯೂ ಆ ಹೆಸರುಗಳಲ್ಲಿ ಸೇರಿದ್ದು 1980ರ ಒಂದೇ ಆವೃತ್ತಿಯಲ್ಲಿ. ಆದರೆ ಒಂದನ್ನು ತುಂಟ ಗಂಡುಹುಡುಗರದೆಂದೂ ಇನ್ನೊಂದನ್ನು ಯುದ್ಧದಿಂದ ಮರಳಿದ ಸೈನಿಕರದೆಂದೂ ಬಹುಕಾಲ ನೋಡಲಾಯಿತು. ಹಿಂದಿನ ಬೆಂಚಿನಲ್ಲಿ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿ ಯಾರಿಗೂ ತೊಂದರೆ ಕೊಡಲಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ನಿಮ್ಮಂತೆ ಮಗನ ತಪಾಸಣೆಗೆ ಹೋಗಿ ತನ್ನನ್ನು ತಾನು ಕಂಡುಕೊಂಡ ತಾಯಂದಿರು ಅನೇಕರಿದ್ದಾರೆ. ಎಡಿಎಚ್‌ಡಿಯ ಲಕ್ಷಣಗಳು 12 ವರ್ಷದೊಳಗೆ ಕಾಣಿಸಿರಬೇಕು ಎಂಬುದು ನಿಯಮವಾದ್ದರಿಂದ, ಮಾವನ ಮನೆಗೆ ಹೋಗುವ ಮೊದಲು, ಆರೇಳು ವರ್ಷದಲ್ಲಿ, ನೀವು ಹೇಗಿದ್ದಿರಿ ಎಂದು ಅಮ್ಮನನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ವಿವರ ಹೊಸ ಚಿಕಿತ್ಸಕರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಪತಿಯ ಮಾತು ಕಾಳಜಿಯಿಂದಲೇ ಬಂದಿರಬಹುದು, ಆದರೆ ಅದು ಸರಿಯಲ್ಲ. ಮಿಥೈಲ್‌ಫೆನಿಡೇಟ್ ಗಮನವನ್ನು ಹಿಡಿದಿಡಲು ನೆರವಾಗುತ್ತದೆಯೇ ಹೊರತು ಚಿಲಕದ ಸದ್ದಿಗೆ ಮೈ ತಣ್ಣಗಾಗುವುದನ್ನು ಅದು ವಾಸಿಮಾಡುವುದಿಲ್ಲ. ಕೆಲವರಲ್ಲಿ ಎದೆಬಡಿತ ಹೆಚ್ಚಿಸಿ, ನಿದ್ದೆ ಕೆಡಿಸುವುದೂ ಉಂಟು. ಎದೆ ಹೊಡೆದುಕೊಳ್ಳುವುದು ಮಾತ್ರೆಯಿಂದಲೋ ಭಯದಿಂದಲೋ ಎಂಬ ಗೊಂದಲವಾದರೆ ತಾವಾಗಿ ನಿಲ್ಲಿಸದೆ ಮನೋವೈದ್ಯರಿಗೆ ತಿಳಿಸಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮರೆವೂ ಸಿಡುಕೂ ಹೆಚ್ಚುತ್ತವೆ ಎಂದು ಎಡಿಎಚ್‌ಡಿ ಇರುವ ಅನೇಕ ಹೆಂಗಸರು ಹೇಳುತ್ತಾರೆ. ನಿಮಗೂ ಹಾಗಾಗುತ್ತಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಷ್ಟದ ನೆನಪುಗಳನ್ನು ಮುಟ್ಟುವ ಭೇಟಿಗಳನ್ನು ಆ ದಿನಗಳಿಂದ ಆಚೆ ಇಡಿಸಿಕೊಳ್ಳಿ.

ಈ ಸಲ ಚಿಕಿತ್ಸಕರನ್ನು ಆರಿಸುವಾಗ ಎಡಿಎಚ್‌ಡಿ ಮತ್ತು ಆಘಾತ ಎರಡರಲ್ಲೂ ಕೆಲಸ ಮಾಡಿದ ಅನುಭವವಿದೆಯೇ ಎಂದು ಮೊದಲ ಫೋನಿನಲ್ಲೇ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅದನ್ನು ವಿಚಾರಿಸುವುದು ಅವಮರ್ಯಾದೆಯಲ್ಲ. ನೀವಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ. ಇಎಂಡಿಆರ್ ಎಂಬ ವಿಧಾನದ ಬಗ್ಗೆಯೂ ಕೇಳಬಹುದು. 1980ರ ದಶಕದ ಕೊನೆಯಲ್ಲಿ ಫ್ರಾನ್ಸೀನ್ ಶಪೀರೋ ಎಂಬ ಅಮೆರಿಕದ ಮನೋವಿಜ್ಞಾನಿ ರೂಪಿಸಿದ ಈ ವಿಧಾನದಲ್ಲಿ, ನೋವಿನ ನೆನಪೊಂದನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಚಿಕಿತ್ಸಕರ ಕೈಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸಬೇಕಾಗುತ್ತದೆ. ಕಣ್ಣು ನಿಲ್ಲದಿದ್ದರೆ ಅಂಗೈಗಳ ಮೇಲೆ ಒಂದಾದ ಮೇಲೊಂದರಂತೆ ಮೆಲ್ಲಗೆ ತಟ್ಟುತ್ತಾರೆ. ಆಘಾತೋತ್ತರ ಒತ್ತಡಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಒಂದು, ಮತ್ತು ನಡೆದದ್ದನ್ನು ಎಳೆಎಳೆಯಾಗಿ ವರ್ಣಿಸುವುದಾಗಲಿ ಹೋಂವರ್ಕ್ ಆಗಲಿ ಇದಕ್ಕೆ ಬೇಕಿಲ್ಲ. ಇದೇ ನಿಮಗೆ ಒಗ್ಗುತ್ತದೆಂದು ದೂರದಿಂದ ಹೇಳಲಾರೆ. ಬರೆಯುವ ವಿಧಾನವನ್ನೇ ಆರಿಸಿಕೊಂಡರೂ ಅದನ್ನು ನಿಮಗೆ ಹೊಂದುವಂತೆ ಮಾಡಲು ಸಾಧ್ಯವಿದೆ: ಬರವಣಿಗೆಯನ್ನು ಭೇಟಿಯ ಕೊನೆಯ ಹತ್ತು ನಿಮಿಷದಲ್ಲಿ ಅಲ್ಲಿಯೇ ಮುಗಿಸುವುದು, ಬರೆಯುವ ಬದಲು ಫೋನಿನಲ್ಲಿ ಮಾತಾಡಿ ದಾಖಲಿಸುವುದು, ಪ್ರತಿ ವಾರ ಒಂದೇ ದಿನ ಒಂದೇ ಹೊತ್ತಿಗೆ ಭೇಟಿ, ಅಂದು ಬೆಳಗ್ಗೆ ಅವರ ಕಡೆಯಿಂದ ಒಂದು ಸಂದೇಶ. ಇಷ್ಟನ್ನು ಕೇಳಿದರೆ ಮುಖ ಸಿಂಡರಿಸುವವರ ಬಳಿ ಎರಡನೆಯ ಸಲ ಹೋಗಬೇಡಿ. ನೆನಪುಗಳನ್ನು ಮುಟ್ಟುವ ಮೊದಲು, ಭಯ ಉಕ್ಕಿದಾಗ ಮೈಮನಸ್ಸನ್ನು ಸಮಾಧಾನಕ್ಕೆ ತರುವ ದಾರಿಗಳನ್ನು ಕಲಿಸಲು ಅವರು ಕೆಲವು ವಾರ ತೆಗೆದುಕೊಂಡರೆ, ಅದು ಕಾಲಹರಣವಲ್ಲ. ನಡುವೆ ತಡೆಯಲಾರದಂಥ ರಾತ್ರಿ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಷಷ್ಟ್ಯಬ್ದಿಗೆ ಹೋಗಬೇಡಿ ಎಂಬುದು ನನ್ನ ನೇರ ಸಲಹೆ. ಚಿಕಿತ್ಸೆ ಮತ್ತೆ ಶುರುವಾಗುವ ಹೊತ್ತಿನಲ್ಲಿ ಅದೇ ಮನೆಗೆ ಹೋಗಿ, ಅದೇ ಮನುಷ್ಯನ ಕಾಲಿಗೆ ನಮಸ್ಕರಿಸಿ, ನಗುನಗುತ್ತ ಊಟಕ್ಕೆ ಕೂರುವ ಅಗತ್ಯ ನಿಮಗಿಲ್ಲ. ತಮ್ಮನ ಮೇಲಿನ ಮಮತೆಯೂ ಮಗಳನ್ನು ಅಲ್ಲಿ ಬಿಟ್ಟ ಅಳುಕೂ ಅಮ್ಮನಲ್ಲಿ ಒಟ್ಟಿಗೇ ಇರಬಹುದು, ಆದ್ದರಿಂದ ಜಗಳಕ್ಕಿಳಿಯದೆ ‘ಅಮ್ಮ, ಆ ಮನೆಯಲ್ಲಿ ನನಗೆ ಆದದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ, ಹಾಗಾಗಿ ನಾನು ಬರುವುದಿಲ್ಲ’ ಎಂದಷ್ಟೇ ಹೇಳಿ. ಕ್ಷಮಿಸುವುದು, ಬಿಡುವುದು ಮುಂದಿನ ಮಾತು. ಅದಕ್ಕೆ ಯಾರೂ ನಿಮಗೆ ಗಡುವು ಹಾಕುವಂತಿಲ್ಲ.

ಮಗನ ಮೇಲೆ ಎದ್ದ ಕೈಯನ್ನು ನೀವೇ ತಡೆದುಕೊಂಡಿರಿ. ನಿಮಗೆ ಯಾರೂ ಮಾಡದಿದ್ದದ್ದನ್ನು ನೀವು ಅವನಿಗೆ ಮಾಡಿದಿರಿ. ಅವನಿಗೆ ಹೆಸರು ಬರೆದ ಎರಡು ಬಾಟಲಿ ತಂದಿಡಿ, ಕಳೆದರೆ ಕಳೆಯಲಿ.

ಈಗ, ಈ ಪುಟ ಮರೆಯಾಗಿ ಬೇರೆ ಕೆಲಸ ಮುಂದೆ ಬರುವ ಮೊದಲೇ, ನಿಮ್ಮ ಪತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕರೆ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ದಿನಾಂಕವನ್ನು ಅವರ ಫೋನಿನಲ್ಲೂ ಹಾಕಿಸಿ, ಆ ಸಂಜೆ ಮಗನನ್ನು ನೋಡಿಕೊಳ್ಳುವ ಹೊಣೆಯನ್ನು ಅವರಿಗೇ ಒಪ್ಪಿಸಿ.